ಗವಾಕ್ಷಿಯ ಹಗ್ಗ

ನಮ್ಮ ಅಜ್ಜಿಯ ಅಡಿಗೆಮನೆಯಲ್ಲಿ ಒಲೆಯ ನೆತ್ತಿಗೆ ಸರಿಯಾಗಿ ಒಂದು ಗವಾಕ್ಷಿ ಇತ್ತು. ಅದಕ್ಕೊಂದು ತಗಡಿನ ಮುಚ್ಚಳ, ಮುಚ್ಚಳಕ್ಕೊಂದು ತೆಂಗಿನ ನಾರಿನ ಹಗ್ಗ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅಜ್ಜಿ ಹಗ್ಗ ಎಳೆದು ಮುಚ್ಚಳ ತೆರೆಯುತ್ತಿದ್ದಳು; ಮಳೆ ಬಂದರೆ ಸಡಿಲಬಿಟ್ಟು ಮುಚ್ಚುತ್ತಿದ್ದಳು. ಒಮ್ಮೆ ನಾನು ಹಗ್ಗ ಎಳೆಯುವುದನ್ನು ಮರೆತು ಒಲೆ ಹಚ್ಚಿಬಿಟ್ಟೆ. ಹೊಗೆ ನಡುಮನೆ ದಾಟಿ ಬಾಣಂತಿಯ ಕೋಣೆಗೆ ನುಗ್ಗಿತು. ಅಜ್ಜಿ ಬೈಯಲಿಲ್ಲ. "ಬೆಂಕಿ ಒಲೆಯಲ್ಲೇ ಇರುತ್ತೆ ಕಣೇ, ಹೊಗೆ ಮನೆಯೆಲ್ಲ ತಿರುಗುತ್ತೆ" ಎಂದಳು ಅಷ್ಟೆ.

ದೊಡ್ಡ ಕಟ್ಟಡಗಳಿಗೆ ತಣ್ಣನೆಯ ಗಾಳಿ ಬಂದ ಕಥೆಯನ್ನು ಓದುವಾಗೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಹಗ್ಗ ಎಳೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಹೊರಟವರಲ್ಲಿ ಅಮೆರಿಕದ ವಾರೆನ್ ಜಾನ್ಸನ್ ಎಂಬ ಮೇಷ್ಟ್ರೂ ಒಬ್ಬರು. ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಊರಿನಲ್ಲಿ, ಶಿಕ್ಷಕರನ್ನು ತಯಾರು ಮಾಡುವ ಶಾಲೆಯಲ್ಲಿ ಅವರ ಕೆಲಸ. ಚಳಿಗಾಲ ಬಂತೆಂದರೆ ಜವಾನ ಪಾಠದ ನಡುವೆ ಒಳಗೆ ಬಂದು ಉಷ್ಣಮಾಪಕ ನೋಡಬೇಕು, ನೆಲಮಾಳಿಗೆಗೆ ಇಳಿದು ಬಿಸಿ ಹೆಚ್ಚು ಕಡಿಮೆ ಮಾಡಬೇಕು. ಈ ಅಡ್ಡಿ ತಪ್ಪಿಸಲು ಜಾನ್ಸನ್, ಕೋಣೆಯ ಬಿಸಿಯನ್ನು ತಾನೇ ಅರಿತು ಕೆಳಗೆ ಸುದ್ದಿ ಮುಟ್ಟಿಸುವ ಒಂದು ವಿದ್ಯುತ್ ಉಪಕರಣ ಮಾಡಿ 1883ರಲ್ಲಿ ಪೇಟೆಂಟ್ ಪಡೆದರು. 1902ರಲ್ಲಿ ವಿಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಒಂದು ಅಚ್ಚುಕೂಟಕ್ಕೆ ಗಾಳಿಯ ತೇವವನ್ನು ಹಿಡಿತದಲ್ಲಿಡುವ ಯಂತ್ರವನ್ನು ರೂಪಿಸಿದರು. ಅದೂ ಮನುಷ್ಯರ ಸುಖಕ್ಕಲ್ಲ, ಬಣ್ಣದ ಅಚ್ಚು ಕೆಡದಿರಲೆಂದು! ಅಲ್ಲಿಂದ ಅದು ಚಿತ್ರಮಂದಿರ, ಹೋಟೆಲು, ಆಸ್ಪತ್ರೆಗಳಿಗೆಲ್ಲ ಹಬ್ಬಿತು.

ಆದರೆ ಈ ಯಂತ್ರಗಳಿಗೆ ನಾವು ಕಲಿಸಿದ್ದು ಒಂದೇ ಪ್ರಶ್ನೆ: ಸೆಕೆಯೋ, ಚಳಿಯೋ? ಈ ಗಾಳಿ ಏನನ್ನು ಹೊತ್ತು ತರುತ್ತಿದೆ ಎಂದು ಕೇಳಲು ಬಹಳ ದಿನ ಕಲಿಸಲೇ ಇಲ್ಲ.

1980ರ ನವೆಂಬರ್ 21ರ ಬೆಳಿಗ್ಗೆ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನ ಕೆಳಗಿನ ಉಪಾಹಾರ ಗೃಹದಲ್ಲಿ ವಿದ್ಯುತ್ ತಂತಿಯ ದೋಷದಿಂದ ಬೆಂಕಿ ಹತ್ತಿತು. ಉರಿ ಕೆಳಗಿನ ಅಂತಸ್ತುಗಳನ್ನು ಬಿಟ್ಟು ಮೇಲೆ ಹೋಗಲಿಲ್ಲ. ಸತ್ತವರು 85 ಮಂದಿ. ಅವರಲ್ಲಿ ಹೆಚ್ಚಿನವರು ಎಷ್ಟೋ ಅಂತಸ್ತು ಮೇಲೆ, ಉರಿಯನ್ನು ಕಣ್ಣಿಂದಲೂ ಕಾಣದವರು. ಲಿಫ್ಟಿನ ಬಾವಿ, ಮೆಟ್ಟಿಲ ದಾರಿ, ಗೋಡೆಯ ಸಂದು, ಗಾಳಿ ಹರಿಯುವ ಕೊಳವೆ, ಇವೆಲ್ಲ ಹೊಗೆಗೆ ಏಣಿಯಾದವು. ಕೊಳವೆಗಳಲ್ಲಿ ತಾವೇ ಮುಚ್ಚಿಕೊಳ್ಳಬೇಕಾದ ಕದಗಳಿದ್ದವು. ಅವುಗಳಲ್ಲಿ ಕೆಲವನ್ನು ಮುಚ್ಚಲಾಗದಂತೆ ಬಿಗಿದಿಟ್ಟಿದ್ದರು.

ಅಷ್ಟು ದೂರದ್ದೇಕೆ? 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 'ಬಾರ್ಡರ್' ಸಿನಿಮಾದ ಮಧ್ಯಾಹ್ನದ ಆಟ ನಡೆದಿತ್ತು. ಕೆಳಗೆ ಟ್ರಾನ್ಸ್‌ಫಾರ್ಮರಿನಿಂದ ಹುಟ್ಟಿದ ಬೆಂಕಿಯ ಹೊಗೆ ಮೆಟ್ಟಿಲ ದಾರಿಯಿಂದಲೂ ಹವಾನಿಯಂತ್ರಣದ ಕೊಳವೆಗಳಿಂದಲೂ ಬಾಲ್ಕನಿಗೆ ಏರಿತು. ಹೆಚ್ಚುವರಿ ಕುರ್ಚಿಗಳು ಹೊರಹೋಗುವ ದಾರಿಯನ್ನು ಕಟ್ಟಿದ್ದವು. 59 ಜನ ಉಸಿರುಗಟ್ಟಿ ಸತ್ತರು. ನೀಲಂ ಕೃಷ್ಣಮೂರ್ತಿಯವರ ಮಗಳು, ಮಗ ಇಬ್ಬರೂ ಅವರಲ್ಲಿದ್ದರು. ಆ ತಾಯಿ ಗಂಡನೊಡನೆ, ತಮ್ಮಂತೆಯೇ ಕಳೆದುಕೊಂಡ ಮನೆಗಳವರನ್ನು ಕೂಡಿಸಿಕೊಂಡು ಎರಡು ದಶಕಕ್ಕೂ ಮೀರಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2010ರ ಫೆಬ್ರವರಿ 23ರಂದು ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಸತ್ತ 9 ಜನರಲ್ಲಿ ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು.

ಇಂಥ ಸಾವುಗಳಿಂದಲೇ ಯಂತ್ರ ಎರಡನೆಯ ಪ್ರಶ್ನೆಯನ್ನು ಕಲಿತದ್ದು. ಚೆನ್ನಾಗಿ ಕಟ್ಟಿದ ಕಟ್ಟಡದಲ್ಲಿ ಈಗ ಗಾಳಿಯ ಕೊಳವೆಯೊಳಗೇ ಹೊಗೆಯನ್ನು ಅರಿಯುವ ಸಾಧನ ಇರುತ್ತದೆ. ಹೊಗೆ ತಾಕಿತೋ, ಗಾಳಿ ತಳ್ಳುವ ಫ್ಯಾನು ನಿಲ್ಲಬೇಕು; ಅಂತಸ್ತುಗಳ ನಡುವಿನ ಕದಗಳು ಮುಚ್ಚಿಕೊಳ್ಳಬೇಕು; ಹೊಗೆಯನ್ನು ಹೊರಗೆಳೆಯುವ ಬೇರೆ ಫ್ಯಾನು ತಿರುಗಬೇಕು. ಮೆಟ್ಟಿಲ ದಾರಿಗೆ ಹೊರಗಿನ ಶುದ್ಧ ಗಾಳಿಯನ್ನು ಒತ್ತಿ ತುಂಬಬೇಕು. ಆಗ ಬಾಗಿಲು ತೆರೆದರೂ ಗಾಳಿ ಹೊರಕ್ಕೇ ನುಗ್ಗುವುದರಿಂದ ಹೊಗೆ ಸುಲಭವಾಗಿ ಒಳಗೆ ಬಾರದು. ಇಷ್ಟೆಲ್ಲ ಯಾರೂ ಓಡಿಬಂದು ಗುಂಡಿ ಒತ್ತದೆಯೇ ಆಗಬೇಕು.

ಆಗುತ್ತದೆಯೇ? ಹಾಕಿದ ದಿನ ಆಗುತ್ತದೆ. ಹತ್ತು ವರ್ಷದ ಮೇಲೆ, ಕದದ ಕೀಲಿಗೆ ತುಕ್ಕು ಹಿಡಿದ ಮೇಲೆ, ಸುಮ್ಮಸುಮ್ಮನೆ ಕೂಗುತ್ತದೆಂದು ಯಾರೋ ಗಂಟೆಯ ತಂತಿ ಕಿತ್ತ ಮೇಲೆ? ಮದುವೆ ಛತ್ರ, ಜವಳಿ ಅಂಗಡಿ, ಆಸ್ಪತ್ರೆಗಳ ತಂಪಿನಲ್ಲಿ ಮಕ್ಕಳನ್ನು ಕೂರಿಸುವ ನಾವು ಈ ಪ್ರಶ್ನೆ ಕೇಳುವುದೇ ಇಲ್ಲ. ಕೇಳಿದರೆ ತಪ್ಪೇನೂ ಇಲ್ಲ.

ಅಜ್ಜಿ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಗವಾಕ್ಷಿಯ ಹಗ್ಗ ಬದಲಾಯಿಸುತ್ತಿದ್ದಳು. "ಚೆನ್ನಾಗೇ ಇದೆಯಲ್ಲಜ್ಜಿ" ಎಂದರೆ, ಹಳೆಯ ಹಗ್ಗವನ್ನು ನನ್ನ ಕೈಗೆ ಕೊಟ್ಟು ಎಳೆಯಲು ಹೇಳುತ್ತಿದ್ದಳು. ಹೊಗೆ ತಿಂದು ಕಪ್ಪಾಗಿದ್ದ ಅದು ನನ್ನ ಪುಟ್ಟ ಕೈಗೂ ಪಟ್ಟನೆ ಹರಿದು ಬರುತ್ತಿತ್ತು.