ಒಕ್ಕಲಿನ ಹೆಸರು ಯಾವ ಪುಟದಲ್ಲಿ?

ದಕ್ಷಿಣ ಕನ್ನಡದ ಹಳೆಯ ಜಮೀನು ಪತ್ರಗಳನ್ನು ಓದಿದರೆ ಗದ್ದೆಯ ಬಗ್ಗೆ ಬೇಕಾದಷ್ಟು ತಿಳಿಯುತ್ತದೆ. ಅದು ಬೈಲೋ ಮಜಲೋ ಬೆಟ್ಟೋ, ಎಷ್ಟು ಮುಡಿ ಬೀಜ ಬಿತ್ತುವಷ್ಟು ಇದೆ, ಮೂಡಲಿಗೆ ಯಾರ ತೋಟ, ಪಡುವಲಿಗೆ ಯಾವ ತೋಡು, ಬದುವಿನ ಮೇಲೆ ಎಷ್ಟು ತೆಂಗು, ನೀರು ಎಲ್ಲಿಂದ ಬರುತ್ತದೆ, ಎಲ್ಲವೂ ಚಕ್ಕುಬಂದಿ ಸಮೇತ ಬರೆದಿರುತ್ತದೆ. ಆ ಗದ್ದೆಯನ್ನು ಉತ್ತವರು ಯಾರು ಎಂದು ಕೇಳಿದರೆ ಪತ್ರ ಸುಮ್ಮನಾಗುತ್ತದೆ.

ನಾನು ಹುಡುಕಲು ಹೊರಟದ್ದು ಉತ್ತವರನ್ನೇ. ನೂರಿನ್ನೂರು ವರ್ಷಗಳ ಹಿಂದೆ ಈ ಜಿಲ್ಲೆಯಲ್ಲಿ ಚಾಲಗೇಣಿಗೆ ಗದ್ದೆ ಮಾಡುತ್ತಿದ್ದ ಒಕ್ಕಲು ಏನು ಬೆಳೆದ, ಯಾರಿಗೆ ಮಾರಿದ, ಎಲ್ಲಿ ಸಾಲ ಮಾಡಿದ, ಯಾವ ಕಾರಣಕ್ಕೆ ಕೋರ್ಟಿನ ಮೆಟ್ಟಿಲು ಹತ್ತಿದ ಎಂಬುದನ್ನು ಅವನದೇ ಕಾಗದಗಳಿಂದ ತಿಳಿಯಬೇಕೆಂಬುದು ನನ್ನ ಆಸೆಯಾಗಿತ್ತು. ಮೂಲಗೇಣಿಯವರ ಕಥೆ ಬೇರೆ. ಅವರ ಗೇಣಿ ಖಾಯಂ, ಹಕ್ಕು ಮಕ್ಕಳಿಗೂ ಬರುತ್ತದೆ, ಹಾಗಾಗಿ ಪತ್ರವನ್ನು ಜೋಪಾನ ಮಾಡುತ್ತಿದ್ದರು. ಚಾಲಗೇಣಿ ಧಣಿಗಳ ಮರ್ಜಿಯ ಮೇಲೆ ನಡೆಯುವುದು. ಈ ವರ್ಷ ಉಂಟು, ಬರುವ ವರ್ಷ ಗೊತ್ತಿಲ್ಲ.

ಮೊದಲು ಗೇಣಿಚೀಟುಗಳನ್ನು ಹುಡುಕಿದೆ. ಸಿಕ್ಕಿದ ಚೀಟುಗಳೆಲ್ಲ ಹಳೆಯ ಗುತ್ತು, ಬೀಡುಗಳ ಪೆಟ್ಟಿಗೆಗಳಲ್ಲೇ ಇದ್ದವು. ಒಕ್ಕಲು ಮನೆಗಳಲ್ಲಿ ಒಂದೂ ಇರಲಿಲ್ಲ. ಹೀಗೇಕೆ ಎಂದು ಕೇಳಿದ್ದಕ್ಕೆ ಹಿರಿಯ ಕೃಷಿಕರೊಬ್ಬರು ನಕ್ಕರು. “ಬರೆದು ಕೊಡುವುದು ನಾವು, ಇಟ್ಟುಕೊಳ್ಳುವುದು ಧಣಿಗಳು. ನಮ್ಮ ಹತ್ತಿರ ಹೇಗೆ ಉಂಟಾಗ್ತದೆ ಮಾರಾಯ್ರೆ?” ಎಂದರು. ಅವರು ಹೇಳಿದ್ದು ಸರಿ. ಚೀಟು ಒಕ್ಕಲು ಧಣಿಗೆ ಬರೆದುಕೊಡುವ ಒಪ್ಪಂದ. ಇಷ್ಟು ಮುಡಿ ಅಕ್ಕಿ ಇಂಥ ಸಮಯಕ್ಕೆ ಮುಟ್ಟಿಸುತ್ತೇನೆ, ತಪ್ಪಿದರೆ ಗದ್ದೆ ಬಿಟ್ಟುಕೊಡುತ್ತೇನೆ ಎಂಬ ಮಾತು, ಕೊನೆಯಲ್ಲಿ ಹೆಬ್ಬೆಟ್ಟು. ಸಾಮಾನ್ಯವಾಗಿ ಒಂದು ವರ್ಷದ ಮಾತಾದ್ದರಿಂದ ಅದು ನೋಂದಣಿ ಕಚೇರಿಗೂ ಹೋಗುತ್ತಿರಲಿಲ್ಲ. ಗೇಣಿ ಸಂದಾಯವಾದದ್ದಕ್ಕೆ ರಶೀದಿ ಕೊಡುವ ರೂಢಿ ಬಹಳ ಕಡೆ ಇರಲೇ ಇಲ್ಲ. ಕೊಡಬೇಕಾದದ್ದಕ್ಕೆ ಕಾಗದವಿದೆ, ಕೊಟ್ಟದ್ದಕ್ಕೆ ಇಲ್ಲ.

ಅಲ್ಲಿಂದ ಇನ್ನೂ ಹಿಂದಕ್ಕೆ, ಕಡತಗಳ ಕಡೆಗೆ ಹೋದೆ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಬಂದ ತನ್ನ ಗ್ರಂಥದಲ್ಲಿ ಕಡತ ಮಾಡುವ ರೀತಿಯನ್ನು ವಿವರಿಸಿದ್ದಾನೆ. ಒಂದಡಿಯ ಒಳಗಿನ ಅಗಲದ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿ ಬಟ್ಟೆಗೆ ಎರಡೂ ಕಡೆ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿಯುತ್ತಾರೆ. ಒಣಗಿದ ಮೇಲೆ ಅದನ್ನು ಕತ್ತರಿಸದೆ ಹಿಂದೆ ಮುಂದೆ ಮಡಚಿ, ಎರಡು ತುದಿಗೂ ತೆಳ್ಳನೆ ಹಲಗೆ ಅಂಟಿಸುತ್ತಾರೆ. ಬರೆಯುವುದು ಬಳಪದಲ್ಲಿ. ಬೇಡವಾದರೆ ಒರಸಿ ಮತ್ತೆ ಬರೆಯಬಹುದು. ಅಂಗಡಿಯವರ ಲೆಕ್ಕ, ಮಠ ದೇವಸ್ಥಾನಗಳ ಲೆಕ್ಕ, ಸರ್ಕಾರದ ಕಂದಾಯ ಎಲ್ಲವೂ ಈ ಕಪ್ಪು ಪುಸ್ತಕಗಳಲ್ಲೇ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ.

ಕರಾವಳಿಯ ಕಂದಾಯದ ಲೆಕ್ಕವನ್ನು ಹಿಂಬಾಲಿಸಿದರೆ ದಾರಿ ಇಕ್ಕೇರಿ ಅರಸರ ಹತ್ತಿರ ಹೋಗುತ್ತದೆ. ಶಿವಪ್ಪ ನಾಯಕನ ಹೆಸರಿನೊಂದಿಗೆ ಅಂಟಿಕೊಂಡ ‘ಶಿಸ್ತು’ ಎಂಬ ಕಂದಾಯ ನಿಗದಿ ಹದಿನೇಳನೆಯ ಶತಮಾನದ್ದು. ನಂತರದ ಬಿದನೂರು ಅರಸರು ಅದರ ಮೇಲೆ ಹೆಚ್ಚುವರಿ ಹೇರಿದರು. 1763ರಲ್ಲಿ ಬಿದನೂರು ಹೈದರಾಲಿಯ ಕೈಗೆ ಬಂದ ಮೇಲೆ ಇನ್ನಷ್ಟು ಸೇರಿತು. ಈ ಸೇರ್ಪಡೆಗಳಿಗೆ ಕಂಪನಿಯ ಅಧಿಕಾರಿಗಳು ‘ಶಾಮಿಲು’ ಎಂಬ ಹೆಸರಿಟ್ಟುಕೊಂಡು ಲೆಕ್ಕ ಹಾಕಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು, ಈ ಜಿಲ್ಲೆಯೂ ಉತ್ತರ ಕನ್ನಡವೂ ಸೇರಿದ್ದ ಕೆನರಾ ಕಂಪನಿಗೆ ಸೇರಿದಾಗ ಮೊದಲ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಇಲ್ಲಿಯ ಮಳೆಯಿಂದ ಅವನು ಎಷ್ಟು ಬೇಸತ್ತನೆಂದರೆ ಒಂದೂವರೆ ವರ್ಷದೊಳಗೆ ವರ್ಗ ಮಾಡಿಸಿಕೊಂಡು ಹೋದ. ಆದರೆ ಹೋಗುವ ಮೊದಲು, 1800ರ ಮೇ 31ರಂದು, ರೆವಿನ್ಯೂ ಬೋರ್ಡಿಗೆ ಬರೆದ ವರದಿ ಮುಂದೆ ಮುಕ್ಕಾಲು ಶತಮಾನ ಕೋರ್ಟುಗಳಲ್ಲಿ ಓಡಾಡಿತು. ಈ ಜಿಲ್ಲೆಯಲ್ಲಿ ಭೂಮಿ ಖಾಸಗಿ ಸ್ವತ್ತು, ಅದನ್ನು ಮಾರಿದ್ದಾರೆ, ಕೊಂಡಿದ್ದಾರೆ, ಅಡವಿಟ್ಟಿದ್ದಾರೆ ಎಂಬುದು ಅದರ ಸಾರ.

ಆ ಕಾಲದ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಲೆಕ್ಕ ನನಗೆ ಬಹಳ ಉಪಯೋಗಕ್ಕೆ ಬಂತು. ವಿಜಯನಗರದ ಹರಿಹರನ ಕಾಲದ್ದೆಂದು ಕೊಡುವ ಹಂಚಿಕೆ ಅದು. ಗದ್ದೆಯಲ್ಲಿ 30 ಪಾಲು ಬೆಳೆ ಬಂದರೆ ಬೇಸಾಯಗಾರನಿಗೆ 15, ಜಮೀನಿನ ಒಡೆಯನಿಗೆ ಏಳೂವರೆ, ಸರ್ಕಾರಕ್ಕೆ 5, ಬ್ರಾಹ್ಮಣರಿಗೆ ಒಂದೂವರೆ, ದೇವರಿಗೆ 1. ಕೂಡಿಸಿದರೆ ಸರಿಯಾಗಿ ಮೂವತ್ತು. ಉತ್ತವನ ಪಾಲು ಅರ್ಧ ಎಂದು ಇಷ್ಟು ಸ್ಪಷ್ಟವಾಗಿ ಹೇಳುವ ಲೆಕ್ಕ ಈ ಜಿಲ್ಲೆಯ ಬರಹಗಳಲ್ಲಿ ಅಪರೂಪ. ಆದರೆ ಇಲ್ಲೂ ಅವನು ಒಂದು ಭಿನ್ನರಾಶಿ, ಅಷ್ಟೇ. ಅರ್ಧ ಪಾಲು ಉಂಟು, ಹೆಸರು ಇಲ್ಲ.

ಕಂಪನಿಯ ಕಂದಾಯ ಪುಸ್ತಕಗಳು ನಡೆದದ್ದು ವರ್ಗದ ಲೆಕ್ಕದಲ್ಲಿ. ಒಂದು ವರ್ಗಕ್ಕೆ ಸೇರಿದ ಗದ್ದೆಗಳು ಒಂದೇ ಕಡೆ ಇರಬೇಕೆಂದಿಲ್ಲ. ಇಲ್ಲೊಂದು ಬೈಲು, ಅಲ್ಲೊಂದು ಬೆಟ್ಟು, ಆಚೆ ಊರಲ್ಲೊಂದು ತೋಟ. ಕಂದಾಯ ಕಟ್ಟುವ ವರ್ಗದಾರ ಯಾರೆಂದು ಗೊತ್ತಾದರೆ ಸರ್ಕಾರಕ್ಕೆ ಸಾಕಿತ್ತು. 1830–31ರಲ್ಲಿ ಜಿಲ್ಲೆಯ ರೈತರು ಕೂಟ ಕಟ್ಟಿ, ಕಂದಾಯ ಕೊಡುವುದಿಲ್ಲವೆಂದು ಕುಳಿತಾಗ ಸರ್ಕಾರಕ್ಕೆ ಅರ್ಜಿಗಳು ಹೋದವು. ಒಕ್ಕಲಿನ ದನಿ ಕೇಳಬಹುದೆಂಬ ಆಸೆಯಿಂದ ಆ ಕಾಲದ ಬರಹಗಳನ್ನು ಓದಿದೆ. ಅಲ್ಲಿ ದೊಡ್ಡ ದನಿಯಲ್ಲಿ ಮಾತಾಡುವವರು ಭೂಮಿ ಉಳ್ಳವರೇ.

ಬೇಸಾಯದ ವಿಷಯಕ್ಕೆ ಫ್ರಾನ್ಸಿಸ್ ಬುಕಾನನ್ ಬೇಕು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಈ ವೈದ್ಯ, ಮೈಸೂರು ಮಲಬಾರು ಸುತ್ತಿ 1801ರ ಆರಂಭದಲ್ಲಿ ಕೆನರಾಕ್ಕೆ ಬಂದ. ಅವನ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಹೋದಲ್ಲೆಲ್ಲ ಬೀಜ ಎಷ್ಟು, ಫಸಲು ಎಷ್ಟು, ಕೂಲಿ ಎಷ್ಟು, ಗೊಬ್ಬರ ಯಾವುದು ಎಂದು ಕೇಳಿ ಬರೆಯುವ ಚಟ ಅವನಿಗೆ. ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆಯ ಗದ್ದೆಗಳನ್ನೂ ಅವನು ಗುರುತಿಸಿದ್ದಾನೆ. ಅದು ಇಂದಿಗೂ ಊರವರ ವಿಂಗಡಣೆಯೇ. ತೋಡಿನ ನೀರಿರುವ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ, ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದೇ. ಗೇಣಿಯ ದರ ನಿಲ್ಲುವುದೂ ಇದರ ಮೇಲೆಯೇ. ಗದ್ದೆಯ ಸುತ್ತಲಿನ ಕುಮ್ಕಿ ಜಾಗದಿಂದ ಸೊಪ್ಪು ಸವರಿ ತಂದು ಹಟ್ಟಿಗೆ ಹಾಸಿ, ಅದು ಗೊಬ್ಬರವಾದ ಮೇಲೆ ಗದ್ದೆಗೆ ಹೊರುತ್ತಿದ್ದರು. ಕುಮ್ಕಿಯ ಮೇಲೆ ಒಕ್ಕಲಿಗೆ ಕೈಯಾಡಿಸಲು ಬಿಡದಿದ್ದರೆ ಗದ್ದೆ ಕೊಟ್ಟೂ ಪ್ರಯೋಜನವಿಲ್ಲ. ಕುಮ್ಕಿಯ ಜಗಳಗಳು ಅಷ್ಟು ಬಿರುಸಾಗಿ ನಡೆಯುವುದಕ್ಕೆ ಇದೇ ಕಾರಣ.

ವ್ಯಾಪಾರದ ಕೊಂಡಿಯೂ ಆ ಕಾಲದ ಬರಹಗಳಲ್ಲಿ ಸಿಗುತ್ತದೆ. ಗೇಣಿಯಾಗಿ ಬಂದ ಅಕ್ಕಿ ಮುಡಿಗಳು ಹೊಳೆಯ ದಾರಿಯಲ್ಲಿ ಬಂದರಿಗೆ ಇಳಿದು, ಅಲ್ಲಿಂದ ಗೋವಾ, ಮಲಬಾರು, ಅರಬ್ಬೀ ದೇಶಗಳಿಗೆ ಹೋಗುತ್ತಿದ್ದವು. ನೇತ್ರಾವತಿಯ ದಡದ ಬಂಟ್ವಾಳ, ಘಟ್ಟದ ಮೇಲಿನ ಸರಕಿಗೂ ಕೆಳಗಿನ ಉಪ್ಪಿಗೂ ನಡುವಿನ ಪೇಟೆ. ಗೇಣಿಯನ್ನು ಅಕ್ಕಿಯಲ್ಲೇ ಪಡೆಯಲು ಧಣಿಗಳು ಹಟ ಹಿಡಿಯುತ್ತಿದ್ದುದು ಇದರಿಂದ ಅರ್ಥವಾಗುತ್ತದೆ. ಕಂದಾಯ ಹಣದಲ್ಲಿ, ಗೇಣಿ ಅಕ್ಕಿಯಲ್ಲಿ. ಬಂದರಿನಲ್ಲಿ ಅಕ್ಕಿಯ ಬೆಲೆ ಏರಿದ ವರ್ಷ ಆ ಲಾಭವೆಲ್ಲ ಧಣಿಯದು. ಇಷ್ಟೆಲ್ಲ ಬರೆದ ಬುಕಾನನ್ ಮಾಹಿತಿ ಕೊಟ್ಟವರನ್ನು ಹೆಚ್ಚಾಗಿ ‘ಇಲ್ಲಿಯ ರೈತರು’ ಎಂದು ಒಟ್ಟಾಗಿ ಕರೆದು ಮುಂದೆ ಹೋಗುತ್ತಾನೆ. ಹಲವು ಕಡೆ ಅವರ ಮಾತನ್ನು ನಂಬುವುದೂ ಇಲ್ಲ.

ಇನ್ನು ಕೋರ್ಟು. ದಕ್ಷಿಣ ಕನ್ನಡದ ಅನೇಕ ಹಳೆಯ ಸಿವಿಲ್ ವ್ಯಾಜ್ಯಗಳ ಬೇರು, ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಪದ್ಧತಿಯಲ್ಲಿತ್ತು. ಕುಟುಂಬದ ಆಸ್ತಿಯನ್ನು ಒಬ್ಬ ಸದಸ್ಯ ಬಯಸಿದ ಮಾತ್ರಕ್ಕೆ ಪಾಲು ಮಾಡಲಾಗದು ಎಂದು ಮದರಾಸು ಹೈಕೋರ್ಟು 1863ರಲ್ಲೇ ಹೇಳಿತು. ಪಾಲು ಕೇಳುವ ಹಕ್ಕು ಬಂದದ್ದು 1949ರ ಕಾಯ್ದೆಯಿಂದ. ಈ ನಡುವಿನ ಎಂಟೂವರೆ ದಶಕ ಯಜಮಾನರ ಮೇಲೆ ದಾವೆ, ಜೀವನಾಂಶಕ್ಕೆ ದಾವೆ, ಯಜಮಾನ ಕೊಟ್ಟ ಮೂಲಗೇಣಿ ಊರ್ಜಿತವಲ್ಲ ಎಂಬ ದಾವೆಗಳಿಗೆ ಕೊನೆಯೇ ಇರಲಿಲ್ಲ. ಪಾಲಾಗದ ಭೂಮಿಯನ್ನು ಗೇಣಿಗೆ ಕೊಡುವುದೇ ಸುಲಭದ ದಾರಿಯಾದ್ದರಿಂದ, ಒಡೆಯರ ಮನೆಯ ಜಗಳದ ಬಿಸಿ ಒಕ್ಕಲಿಗೂ ತಟ್ಟುತ್ತಿತ್ತು. ಉತ್ತರ ಕನ್ನಡ 1862ರಲ್ಲಿ ಮುಂಬಯಿಗೆ ಸೇರಿತು. ಅಲ್ಲಿಯ ಭೂಮಾಲೀಕರು ಹೊಸ ಸರ್ವೆಯ ಕಂದಾಯವನ್ನು ಪ್ರಶ್ನಿಸಿ ಮುಂಬಯಿ ಹೈಕೋರ್ಟಿಗೆ ಹೋದರು. 1875ರ ಆ ತೀರ್ಪು ಕೆನರಾದ ಭೂಮಿಯ ಒಂದು ಇತಿಹಾಸ ಗ್ರಂಥವೇ ಸರಿ. ಶಿಸ್ತು, ಶಾಮಿಲು, ಮನ್ರೋ ಎಲ್ಲರೂ ಅಲ್ಲಿದ್ದಾರೆ. ವಾದ ನಡೆದದ್ದು ಮಾತ್ರ ಸರ್ಕಾರಕ್ಕೂ ಭೂಮಾಲೀಕರಿಗೂ ನಡುವೆ. ಕೆಳಗಿನ ಮುನ್ಸಿಫ್ ಕೋರ್ಟುಗಳಲ್ಲಿ ಒಕ್ಕಲಿಗೂ ಹೆಸರಿದೆ: ಬಾಕಿ ಗೇಣಿ ದಾವೆಯ ಪ್ರತಿವಾದಿ.

ಹೆಸರು ಎಂದರೆ ಏನೆಂಬ ಪ್ರಶ್ನೆ ಇಲ್ಲಿ ಇನ್ನೂ ಕೆಳಗೆ ಇಳಿಯಬೇಕು. ಗದ್ದೆಯ ಕೆಸರಿಗೆ ಇಳಿಯುತ್ತಿದ್ದವರಲ್ಲಿ ಅನೇಕರು ಒಕ್ಕಲೂ ಅಲ್ಲ, ಭೂಮಿಯೊಂದಿಗೆ ಮಾರಾಟವಾಗುತ್ತಿದ್ದ ಜೀತದವರು. ಈ ಜೀತದವರ ಕ್ರಯವನ್ನೂ ದಿನದ ಅಕ್ಕಿಯನ್ನೂ ಬುಕಾನನ್ ಬಿತ್ತನೆಯ ಲೆಕ್ಕದ ಪಕ್ಕದಲ್ಲೇ ಬರೆದಿದ್ದಾನೆ. ಗುಲಾಮಗಿರಿಯ ಹಕ್ಕನ್ನು ಕೋರ್ಟುಗಳು ಎತ್ತಿಹಿಡಿಯಬಾರದೆಂಬ ಕಾಯ್ದೆ ಬಂದದ್ದು 1843ರಲ್ಲಿ.

ಹುಡುಕಿದ್ದು ಸಿಕ್ಕಿದ್ದು ಇತ್ತೀಚಿನ, ಯಾರೂ ಇತಿಹಾಸ ಎಂದುಕೊಳ್ಳದ ಫೈಲುಗಳಲ್ಲಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, ಗೇಣಿ ಜಮೀನುಗಳನ್ನೆಲ್ಲ ಸರ್ಕಾರಕ್ಕೆ ಸೇರಿಸಿ, ಉಳುವವನಿಗೆ ಅಧಿಭೋಗದಾರನ ಹಕ್ಕು ಕೊಡಲು ಹೊರಟಿತು. ಒಕ್ಕಲು ತಾನಾಗಿ ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ವಿಚಾರಣೆ ತಾಲೂಕಿನ ಭೂನ್ಯಾಯ ಮಂಡಳಿಯಲ್ಲಿ. ಮಂಡಳಿಯ ಮುಂದೆ ವಕೀಲರು ಬರಬಾರದೆಂದು ಕಾಯ್ದೆಯೇ ಹೇಳಿತ್ತು. ಆ ನಿರ್ಬಂಧ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದದ್ದು 1987ರಲ್ಲಿ. ಸಂಶೋಧಕನಿಗೆ ಇದರಿಂದ ದೊಡ್ಡ ಅನುಕೂಲವಾಗಿದೆ. ಮೊದಲ ವರ್ಷಗಳ ಹೇಳಿಕೆಗಳಲ್ಲಿ ವಕೀಲರ ಅಚ್ಚುಕಟ್ಟು ವಾಕ್ಯಗಳಿಲ್ಲ, ಗದ್ದೆಯವರ ಮಾತು ಉಂಟು.

ಒಂದು ಫೈಲು ಹೀಗಿದೆ. ಅರ್ಜಿದಾರರು ವಿಧವೆ. ಗಂಡ ಮಾಡುತ್ತಿದ್ದ ಗದ್ದೆ, ಈಗ ತಾನೂ ಮಗನೂ ಮಾಡುತ್ತಿದ್ದೇವೆ ಎನ್ನುತ್ತಾರೆ. ದಾಖಲೆ ಏನಿದೆ ಎಂಬ ಪ್ರಶ್ನೆಗೆ, ಮುಡಿ ಕಟ್ಟಿ ತಲೆಹೊರೆಯಲ್ಲಿ ಧಣಿಗಳ ಮನೆಗೆ ಮುಟ್ಟಿಸಿದ್ದೇವೆ, ರಶೀದಿ ಕೊಡುವ ಕ್ರಮ ಇರಲಿಲ್ಲ ಎಂಬ ಉತ್ತರ. ಆಮೇಲೆ ಮಾತು ಸಾಗುತ್ತದೆ. ಕೋಣ ತರಲು ಸಾಲ ಮಾಡಿದ್ದು, ಪೇಟೆಯ ಅಂಗಡಿಯಿಂದ ಉಪ್ಪು, ಒಣಮೀನು, ಸೀಮೆಎಣ್ಣೆ ಉದ್ರಿ ತಂದು ಕೊಯ್ಲಿನ ನಂತರ ಭತ್ತ ಅಳೆದು ಕೊಟ್ಟದ್ದು, ಹಬ್ಬಕ್ಕೆ ಬಾಳೆಗೊನೆಯನ್ನೂ ಸೌತೆಯನ್ನೂ ಕಾಣಿಕೆಯಾಗಿ ಒಪ್ಪಿಸಿದ್ದು. ಹಳೆಯ ಪುಸ್ತಕಗಳಲ್ಲಿ ನಾನು ಕೇಳಿದ್ದ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರ ಇದೆ. ಧಣಿಗಳ ಕಡೆಯವರು ಆಕೆ ಕೂಲಿಯಾಳು ಮಾತ್ರ ಎಂದು ತೋರಿಸಲು ತಮ್ಮ ಮನೆಯ ಲೆಕ್ಕದ ಪುಸ್ತಕ ಹಾಜರುಪಡಿಸಿದರು. ಅದರಲ್ಲಿ ಆಕೆಯ ಗಂಡನ ಹೆಸರಿನ ಎದುರು ಗೇಣಿ ಬಾಕಿಯ ಲೆಕ್ಕ ಇತ್ತು. ಕೂಲಿಯಾಳಿಗೆ ಗೇಣಿ ಬಾಕಿ ಎಲ್ಲಿಂದ ಬರುತ್ತದೆ ಎಂದು ಮಂಡಳಿ ಕೇಳಿ, ಹಕ್ಕು ಆಕೆಗೆ ಕೊಟ್ಟಿತು. ಪೆಟ್ಟಿಗೆಯಲ್ಲಿ ಧಣಿಗಳೇ ಕಾಪಾಡಿದ ಕಾಗದ ಕೊನೆಗೆ ಒಕ್ಕಲಿನ ಸಾಕ್ಷಿಯಾಯಿತು.

ಇಂಥ ಫೈಲುಗಳ ಗತಿ ಹೇಳುವುದಲ್ಲ. ತೀರ್ಪಾದ ಮೇಲೆ ಅವು ಕಚೇರಿಗೆ ಭಾರ. ದಾಖಲೆ ಕೋಣೆಯೊಂದರಲ್ಲಿ ಒರಲೆ ಹಿಡಿದ ಕಟ್ಟನ್ನು ಬಿಚ್ಚುವಾಗ ಅಲ್ಲಿಯ ಸಿಬ್ಬಂದಿ, “ನಿಮಗೆ ಕೇಸು ಉಂಟಾ ಸಾರ್?” ಎಂದು ಕೇಳಿದರು. ಇಲ್ಲವೆಂದಾಗ ಅವರಿಗೆ ಅನುಮಾನವೇ ಬಂತು. ಕೇಸಿಲ್ಲದವರು ಓದುವ ಕಾಗದ ಇವಲ್ಲ ಎಂದು ನಾವೆಲ್ಲ ತಿಳಿದಿದ್ದೇವೆ. ಶಾಸನ ಮತ್ತು ಕಡತಗಳಿಗೆ ಸಿಗುವ ಗೌರವ ನಮೂನೆ 7ಕ್ಕೂ ಸಿಗಬೇಕು. ಇವುಗಳನ್ನು ಕಳೆದುಕೊಂಡರೆ ಜಿಲ್ಲೆಯ ಕೃಷಿಯ ಇತಿಹಾಸ ವರ್ಗದಾರರ ಇತಿಹಾಸವಾಗಿಯೇ ಉಳಿಯುತ್ತದೆ.

ಹಾಗೆಂದು ಈ ಫೈಲುಗಳೂ ಪೂರ್ತಿ ನ್ಯಾಯ ಮಾಡುವುದಿಲ್ಲ. ಗೇಣಿದಾರನೆಂದು ಹೇಳಿಕೊಳ್ಳಲು ಗೇಣಿ ಕೊಟ್ಟಿರಬೇಕು. ಮನೆತನಕ್ಕೆ ಆಳಾಗಿಯೇ ದುಡಿದವರಿಗೆ ತುಂಬಿಸಲು ನಮೂನೆ ಇರಲಿಲ್ಲ. ಅವರು ಅಲ್ಲಿ ಬರುವುದು ಸಾಕ್ಷಿಗಳಾಗಿ: ಇವರ ಗದ್ದೆಗೆ ನಾನು ನೇಜಿ ನೆಡಲು ಹೋಗುತ್ತಿದ್ದೆ, ಕೊಯ್ಲಿಗೆ ಹೋಗುತ್ತಿದ್ದೆ, ಇಷ್ಟು ಭತ್ತ ಕೂಲಿ ಸಿಗುತ್ತಿತ್ತು. ಇನ್ನೊಬ್ಬರ ಹಕ್ಕನ್ನು ಸಾಬೀತು ಮಾಡಲು ಹೇಳಿದ ಈ ನಾಲ್ಕು ಸಾಲುಗಳಲ್ಲಿ ಅವರ ಬದುಕೇ ಬಂದುಬಿಟ್ಟಿದೆ. ಮುಂದೆ ಈ ಫೈಲು ತೆರೆಯುವವರು ಅರ್ಜಿದಾರರ ಹೇಳಿಕೆಗೆ ನಿಲ್ಲದೆ, ಎರಡನೆಯ, ಮೂರನೆಯ ಸಾಕ್ಷಿಯ ಪುಟದವರೆಗೂ ಓದಬೇಕು.