ಕೆಂಪು ಕೈಪಿಡಿ ಮತ್ತು ಕೋಪೇಶ್ವರ

19ನೇ ಶತಮಾನದ ಯುರೋಪಿನಲ್ಲಿ ಪರದೇಶದ ಇಗರ್ಜಿಯ ಚಿತ್ರಗಳನ್ನು ಪ್ರವಾಸಿಗಳು ಪುಸ್ತಕ ಬಿಚ್ಚಿ ಹಿಡಿದೇ ನೋಡುತ್ತಿದ್ದರು. ಲಂಡನ್ನಿನ ಜಾನ್ ಮರ್ರೆ 1836ರಿಂದ ಹೊರತಂದ ಕೆಂಪು ರಟ್ಟಿನ ಕೈಪಿಡಿಗಳು, ಅವುಗಳಿಗೆ ಸರಿಸಾಟಿಯಾಗಿ ಬೆಳೆದ ಜರ್ಮನಿಯ ಬೇಡೆಕರ್ ಪುಸ್ತಕಗಳು ಎಲ್ಲವನ್ನೂ ಹೇಳುತ್ತಿದ್ದವು: ಚಿತ್ರ ಯಾರದು, ಯಾವ ಹೊತ್ತಿನಲ್ಲಿ ಅದರ ಮೇಲೆ ಬೆಳಕು ಬೀಳುತ್ತದೆ, ಪರದೆ ಸರಿಸುವವನ ಕೈಗೆ ಏನು ಇಡಬೇಕು. ನಕ್ಷತ್ರದ ಗುರುತು ಇದ್ದದ್ದನ್ನು ನೋಡಿ ಉಳಿದದ್ದನ್ನು ಬಿಟ್ಟು ನಡೆಯುವುದು ರೂಢಿಯಾಯಿತು. ಈ ಅವಸರವನ್ನು ಹಳಿಯುತ್ತಲೇ ಕಲಾವಿಮರ್ಶಕ ಜಾನ್ ರಸ್ಕಿನ್ 1875ರಿಂದ ಫ್ಲಾರೆನ್ಸಿನ ಇಗರ್ಜಿಗಳ ಬಗ್ಗೆ ಬಿಡಿ ಹೊತ್ತಿಗೆಗಳನ್ನು ಬರೆದ. ಜನ ಅವನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋದರು.

ಮರ್ರೆಯ ಭಾರತದ ಕೈಪಿಡಿ ಬಂದದ್ದು 1859ರಲ್ಲಿ. ಎಡ್ವರ್ಡ್ ಈಸ್ಟ್‌ವಿಕ್ ಬರೆದ ಅದರಲ್ಲಿ ಊರುಗಳ ಜತೆಗೆ ದೇಶಭಾಷೆಗಳ ಪದಪಟ್ಟಿ, ಸಂಭಾಷಣೆಗಳೂ ಇದ್ದವು. ಅಧಿಕಾರಿಗಳನ್ನೂ ಸೈನಿಕರನ್ನೂ ನೆನೆದು ಮಾಡಿದ ಪುಸ್ತಕವದು. ಬೆಳಗಾವಿ ಸೀಮೆಯ ಮಾತಿಗೆ ಬಂದರೆ, ನಿಪ್ಪಾಣಿ ಆಗ ಪುಣೆ–ಬೆಳಗಾವಿ ಹೆದ್ದಾರಿಯ ಊರು. ಅಥಣಿ, ರಾಯಬಾಗ, ಕಾಗವಾಡ ಆ ದಾರಿಯಿಂದ ದೂರ. ಇಗರ್ಜಿಯಲ್ಲಿ ಬಲಿಪೀಠದವರೆಗೂ ಹೋಗುತ್ತಿದ್ದ ದೊರೆಗಳಿಗೆ ಇಲ್ಲಿನ ಗುಡಿಗಳಲ್ಲಿ ಗರ್ಭಗುಡಿಯ ಹೊಸ್ತಿಲು ದಾಟಲು ಸಾಮಾನ್ಯವಾಗಿ ಬಿಡುತ್ತಿರಲಿಲ್ಲ. ಆದ್ದರಿಂದ ಅವರ ಗಮನ ಕಂಬ, ಗೋಡೆ, ಅಳತೆಗಳ ಮೇಲೆಯೇ ನಿಂತಿತು.

ಕಲೆಯ ವಿವರ ಬಂದದ್ದು ಸರಕಾರಿ ಕಡತಗಳಿಂದ. 1874ರ ಜನವರಿಯಿಂದ ಮೇವರೆಗೆ ಪುರಾತತ್ತ್ವಜ್ಞ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳಲ್ಲಿ ತನ್ನ ಮೊದಲ ಸರ್ವೇಕ್ಷಣೆ ನಡೆಸಿದ, ಶಾಸನತಜ್ಞ ಜೆ. ಎಫ್. ಫ್ಲೀಟ್ ಈ ಭಾಗವನ್ನು ಆಳಿದ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದ. ಮುಂಬಯಿ ಗ್ಯಾಜೆಟಿಯರಿನ ಬೆಳಗಾವಿ ಸಂಪುಟ 1884ರಲ್ಲಿ, ಕೊಲ್ಹಾಪುರ ಸಂಪುಟ 1886ರಲ್ಲಿ ಅಚ್ಚಾದವು. ಹೆಗಲಚೀಲದಲ್ಲಿ ಹಿಡಿಯುವಂಥ ಪುಸ್ತಕಗಳಲ್ಲ ಅವು. ಮೇಲಾಗಿ ಊರುಗಳನ್ನು ಆಳ್ವಿಕೆಯ ಗಡಿಯಂತೆ ಹಂಚಿದ್ದವು: ಚಿಕ್ಕೋಡಿ, ಅಥಣಿ ಬೆಳಗಾವಿ ಸಂಪುಟಕ್ಕೆ, ಸಂಸ್ಥಾನದ ರಾಯಬಾಗ ಕೊಲ್ಹಾಪುರ ಸಂಪುಟಕ್ಕೆ.

ಈ ಹಂಚಿಕೆಯಿಂದ ಹೆಚ್ಚು ನಷ್ಟವಾದದ್ದು ಖಿದ್ರಾಪುರಕ್ಕೆ. ಕೃಷ್ಣೆಯ ದಂಡೆಯ ಅಲ್ಲಿನ ಕೋಪೇಶ್ವರ ಗುಡಿ ಕೊಲ್ಹಾಪುರಕ್ಕೆ ಸೇರಿತ್ತು. ಅದರ ಕಥೆಯ ಇನ್ನರ್ಧವಾದ ಯಡೂರಿನ ವೀರಭದ್ರ ಗುಡಿ ಚಿಕ್ಕೋಡಿ ತಾಲೂಕಿಗೆ. ದಾಕ್ಷಾಯಣಿ ನಂದಿಯನ್ನೇರಿ ತಂದೆಯ ಯಜ್ಞಕ್ಕೆ ಯಡೂರಿಗೆ ಹೋದಳು, ಸಿಟ್ಟಾದ ಶಿವ ಇತ್ತ ಕೋಪೇಶ್ವರನಾದ, ಅದಕ್ಕೇ ಖಿದ್ರಾಪುರದಲ್ಲಿ ನಂದಿ ಇಲ್ಲ ಎಂದು ಜನ ಹೇಳುತ್ತಾರೆ. ಯಾತ್ರಿಕರಿಗೆ ಈ ಸ್ಥಳಪುರಾಣವೇ ಕೈಪಿಡಿ. ಕೋಪೇಶ್ವರ ಗುಡಿಯ ಮುಂದುಗಡೆಯ ಸ್ವರ್ಗಮಂಟಪದಲ್ಲಿ 48 ಕಂಬಗಳಿವೆ, ನಡುವೆ ಚಾವಣಿ ಆಕಾಶಕ್ಕೆ ದುಂಡಗೆ ತೆರೆದಿದೆ, ಗೋಡೆಯ ಬುಡದಲ್ಲಿ ಆನೆಗಳ ಸಾಲಿದೆ. ದಕ್ಷಿಣ ಬಾಗಿಲ ಬಳಿ ಯಾದವ ಸಿಂಘಣನ ಕಾಲದ ಶಾಸನವಿದೆ, ಗುಡಿಯಲ್ಲಿ ಕನ್ನಡ ಶಾಸನಗಳೂ ಇವೆ. ಇಷ್ಟೆಲ್ಲ ಹೊಸ್ತಿಲ ಹೊರಗೇ ಕಾಣಸಿಗುವ ಗುಡಿ ಈ ಭಾಗದಲ್ಲಿ ಅಪರೂಪ.

1890ರ ಸುಮಾರಿಗೆ ಪುಣೆಯಿಂದ ಮೀರಜ, ಬೆಳಗಾವಿ ಹಾದು ಲೋಂಡಾಕ್ಕೆ ರೈಲು ಬಂತು. ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳಾದವು, ಗೋಕಾಕ ಜಲಪಾತ ಪ್ರವಾಸಿಗಳಿಗೆ ಹತ್ತಿರವಾಯಿತು. ಖಿದ್ರಾಪುರಕ್ಕೆ ಮಾತ್ರ ಬಂಡಿ ಹೂಡಿಯೇ ಹೋಗಬೇಕಿತ್ತು.