ಕೀಲಿಕೈ ಕೊಟ್ಟು ವರ್ಷವಾದರೆ ಬಿಲ್ಡರ್ ಹೊಣೆ ಮುಗಿಯಿತೇ? ಸೋರಿಕೆ, ಬಿರುಕಿನ ದೂರಿಗೆ ‘ಆಗಲ್ಲ’ ಎಂದರೆ ಮುಂದೇನು?

ಮಳೆಗಾಲ ಶುರುವಾಯಿತೆಂದರೆ ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶ ಓಡಾಡುತ್ತವೆ. ಒಂದು: ‘ಪೊಸೆಷನ್ ಆಗಿ ಒಂದು ವರ್ಷ ಕಳೆದರೆ ಬಿಲ್ಡರ್‌ಗೆ ಯಾವ ಜವಾಬ್ದಾರಿಯೂ ಇಲ್ಲ.’ ಇನ್ನೊಂದು: ‘ರೇರಾ ಬಂದಿದೆ, ಐದು ವರ್ಷ ಮನೆಯಲ್ಲಿ ಏನು ಕೆಟ್ಟರೂ ಬಿಲ್ಡರೇ ಪುಕ್ಕಟೆ ಸರಿ ಮಾಡಿಕೊಡಬೇಕು.’

ಮೊದಲನೆಯದು ತಪ್ಪು. ಎರಡನೆಯದು ಅರ್ಧ ಸತ್ಯ. ಹೆಚ್ಚು ನಷ್ಟ ಮಾಡುವುದು ಮೊದಲನೆಯದೇ. ಅದನ್ನು ನಂಬಿದವರು ಸಾಲದ ಕಂತು ಕಟ್ಟುತ್ತಲೇ ಸ್ವಂತ ಖರ್ಚಿನಲ್ಲಿ ವಾಟರ್‌ಪ್ರೂಫಿಂಗ್ ಮಾಡಿಸಿ ಸುಮ್ಮನಾಗಿಬಿಡುತ್ತಾರೆ.

ಕಾಯ್ದೆಯಲ್ಲಿ ಏನಿದೆ?

2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯನ್ನೇ ನಾವೆಲ್ಲ ರೇರಾ ಎನ್ನುವುದು. ಅದರ 14ನೇ ಸೆಕ್ಷನ್‌ನ 3ನೇ ಉಪವಿಧಿ ಹೇಳುವುದು ಇಷ್ಟು: ಮನೆ ಕೈಗೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸಗಾರಿಕೆಯಲ್ಲಿ, ಗುಣಮಟ್ಟದಲ್ಲಿ ಅಥವಾ ಒಪ್ಪಂದದಂತೆ ಕೊಡಬೇಕಾದ ಸೌಕರ್ಯದಲ್ಲಿ ದೋಷ ಕಂಡುಬಂದು, ಅದನ್ನು ಬಿಲ್ಡರ್ ಗಮನಕ್ಕೆ ತಂದರೆ, ಅವರು 30 ದಿನದೊಳಗೆ ಹಣ ಕೇಳದೆ ಸರಿಪಡಿಸಬೇಕು. ಮಾಡದಿದ್ದರೆ ಮನೆ ಕೊಂಡವರಿಗೆ ಪರಿಹಾರ ಪಡೆಯುವ ಹಕ್ಕಿದೆ.

ಇಲ್ಲಿ ಎರಡು ಮಾತು ಗಮನಿಸಿ. ಐದು ವರ್ಷದ ಲೆಕ್ಕ ದೋಷವನ್ನು ‘ಗಮನಕ್ಕೆ ತರುವ’ ದಿನಕ್ಕೆ ಸಂಬಂಧಿಸಿದ್ದು. ಹಾಗಾಗಿ ನಾಲ್ಕು ವರ್ಷ ಹನ್ನೊಂದು ತಿಂಗಳಿಗೆ ಬರೆದ ಪತ್ರಕ್ಕೂ ಬೆಲೆ ಇದೆ. ಎರಡನೇ ವರ್ಷದಿಂದ ಫೋನಿನಲ್ಲೇ ಗೋಗರೆಯುತ್ತ ಬಂದು, ಐದು ವರ್ಷ ದಾಟಿದ ಮೇಲೆ ಮೊದಲ ಪತ್ರ ಬರೆದರೆ, ಹಿಂದೆಯೇ ಹೇಳಿದ್ದೆವು ಎಂದು ಸಾಧಿಸುವ ಕಷ್ಟ ನಿಮ್ಮ ತಲೆಗೇ ಬರುತ್ತದೆ.

ಇನ್ನು, ‘ದೋಷ’ ಅಂದರೆ ಕಟ್ಟಿದ್ದರಲ್ಲಿನ ತಪ್ಪು. ಬಳಸಿ ಸವೆದದ್ದು ದೋಷವಲ್ಲ. ನಲ್ಲಿಯ ವಾಷರ್ ಸವೆದರೆ, ನೀವೇ ಕೊಂಡ ಗೀಸರ್ ಸುಟ್ಟರೆ ಈ ಕಲಂ ಕೆಲಸಕ್ಕೆ ಬಾರದು. ಎರಡನೇ ಫಾರ್ವರ್ಡ್ ಎಡವುವುದು ಇಲ್ಲೇ.

ಬಿಲ್ಡರ್ ಕೊಡುವ ಕಾರಣಗಳು

ದೂರು ಕೊಟ್ಟಾಗ ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ‘ಅಗ್ರಿಮೆಂಟ್‌ನಲ್ಲಿ ಒಂದೇ ವರ್ಷ ಎಂದು ಬರೆದಿದೆ, ನೀವೇ ಸಹಿ ಹಾಕಿದ್ದೀರಿ’ ಎಂಬುದು ಎಲ್ಲಕ್ಕಿಂತ ಸಾಮಾನ್ಯ. ಇತರ ಕಾನೂನಿನಲ್ಲಿ ಬೇರೆ ಏನಿದ್ದರೂ ರೇರಾದ್ದೇ ಮೇಲು ಎಂದು ಕಾಯ್ದೆಯ 89ನೇ ಸೆಕ್ಷನ್ ಹೇಳುತ್ತದೆ. ಹೀಗಿರುವಾಗ ಖಾಸಗಿ ಒಪ್ಪಂದದ ಒಂದು ಸಾಲು ಐದನ್ನು ಒಂದಕ್ಕೆ ಇಳಿಸಲಾಗದು. ಏಕಪಕ್ಷೀಯ ಷರತ್ತುಗಳಿಗೆ ಮನೆ ಕೊಂಡವರನ್ನು ಕಟ್ಟಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ 2019ರ ಪಯೊನಿಯರ್ ಅರ್ಬನ್ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣ ಮನೆ ಹಸ್ತಾಂತರದ ವಿಳಂಬದ್ದು, ಆದರೂ ತತ್ವ ಅದೇ.

‘ಸೇಲ್ ಡೀಡ್ ಆಯ್ತು, ಅಸೋಸಿಯೇಷನ್‌ಗೆ ಒಪ್ಪಿಸಿಯೂ ಆಯ್ತು’ ಎಂಬುದಕ್ಕೆ 11ನೇ ಸೆಕ್ಷನ್‌ನ 4ನೇ ಉಪವಿಧಿಯಲ್ಲಿ ನೇರ ಉತ್ತರವಿದೆ. ಎಲ್ಲ ಮನೆಗಳ ಕ್ರಯಪತ್ರ ಆದ ಮೇಲೂ ದೋಷದ ಹೊಣೆ ಆ ಐದು ವರ್ಷ ಮುಂದುವರಿಯುತ್ತದೆ.

ಮೂರನೆಯದು ಸ್ವಲ್ಪ ಜಾಣತನದ ಉತ್ತರ: ‘ಇದು ಸ್ಟ್ರಕ್ಚರಲ್ ಅಲ್ಲ, ಬರೀ ಕೂದಲೆಳೆ ಬಿರುಕು.’ ಬಹಳ ಜನ ಇಲ್ಲಿಗೇ ಸೋತುಬಿಡುತ್ತಾರೆ, ಇಲ್ಲವೇ ಅದು ಸ್ಟ್ರಕ್ಚರಲ್ ಎಂದು ಸಾಧಿಸಲು ಹೊರಡುತ್ತಾರೆ. ಎರಡೂ ಬೇಕಿಲ್ಲ. ಕಾಯ್ದೆಯಲ್ಲಿ ಕೆಲಸಗಾರಿಕೆ ಮತ್ತು ಗುಣಮಟ್ಟದ ದೋಷವೂ ಸೇರಿದೆ. ಉದಾಹರಣೆಗೆ, ಕಾಂಕ್ರೀಟ್ ಬೀಮ್ ಮತ್ತು ಇಟ್ಟಿಗೆ ಗೋಡೆ ಕೂಡುವಲ್ಲಿ ಗೆರೆ ಎಳೆದಂತೆ ನೇರ ಬಿರುಕು ಬರುವುದುಂಟು. ಬಿಸಿಲು, ಚಳಿಗೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಅದಕ್ಕೇ ಗಾರೆ ಹಚ್ಚುವ ಮೊದಲು ಆ ಸಂದಿಗೆ ಚಿಕನ್ ಮೆಶ್ ಬಡಿಯುವುದು. ಮೆಶ್ ಹಾಕದೆ ಬಿಟ್ಟಿದ್ದರೆ ಕಟ್ಟಡ ಬೀಳುವುದಿಲ್ಲ ನಿಜ, ಆದರೆ ಕೆಲಸ ಸರಿಯಾಗಿ ಆಗಿಲ್ಲ ಎಂಬುದೂ ನಿಜ. ಬಣ್ಣದ ಮೇಲ್ಮೈಯ ಜೇಡರಬಲೆಯಂಥ ಬಿರುಕು ಸಾಮಾನ್ಯವಾಗಿ ಗಾರೆ ಒಣಗಿ ಕುಗ್ಗಿದ್ದರಿಂದ ಆದದ್ದು. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ದಿನೇದಿನೇ ಅಗಲವಾಗುವ ಬಿರುಕನ್ನು ಮಾತ್ರ ತಡಮಾಡದೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಅಲ್ಲಿ ಪರಿಹಾರಕ್ಕಿಂತ ಸುರಕ್ಷತೆ ಮೊದಲು.

ನಾಲ್ಕನೆಯ ಕಾರಣ, ‘ನಿಮ್ಮ ಇಂಟೀರಿಯರ್‌ನವರು ಮಾಡಿದ್ದು.’ ಇದು ಕೆಲವೊಮ್ಮೆ ನಿಜವೂ ಆಗಿರುತ್ತದೆ. ಬಚ್ಚಲಮನೆಯ ಟೈಲ್ಸ್ ಕಿತ್ತು ಹೊಸದು ಹಾಕಿಸಿದ್ದರೆ ಕೆಳಗಿನ ವಾಟರ್‌ಪ್ರೂಫಿಂಗ್ ಪದರ ಹರಿದಿರಬಹುದು. ಎಸಿ ಪೈಪಿಗೆಂದು ಗೋಡೆ ಕೊರೆಸಿದ್ದರೆ ಅಲ್ಲಿಂದಲೇ ಮಳೆನೀರು ಇಳಿಯಬಹುದು. ಮೇಲಿನ ಮನೆಯವರು ಹೀಗೆ ಮಾಡಿದ್ದರಿಂದ ನಿಮ್ಮ ಸೀಲಿಂಗ್ ಒದ್ದೆಯಾಗಿದ್ದರೆ ನಿಮ್ಮ ಜಗಳ ಬಿಲ್ಡರ್ ಜೊತೆಗಲ್ಲ. ಹಾಗಾಗಿ ಪತ್ರ ಬರೆಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ನೀವೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಕಾರಣ ಪತ್ತೆ ಮಾಡುವುದು

ಸರಳ ಪರೀಕ್ಷೆಗಳಿವೆ. ಮೇಲಿನ ಬಚ್ಚಲಿನ ನೀರು ಹೋಗುವ ಕಿಂಡಿ ಮುಚ್ಚಿ, ನೆಲದ ಮೇಲೆ ಒಂದೆರಡು ಇಂಚು ನೀರು ನಿಲ್ಲಿಸಿ 24ರಿಂದ 48 ಗಂಟೆ ಬಿಟ್ಟು ನೋಡುತ್ತಾರೆ. ಕೆಳಗಿನ ಕಲೆ ಹಿಗ್ಗಿದರೆ ನೆಲದ ವಾಟರ್‌ಪ್ರೂಫಿಂಗ್ ಅಥವಾ ಕಿಂಡಿಯ ಸಂದಿ ಸೋರುತ್ತಿದೆ ಎಂದರ್ಥ. ನೀರು ನಿಲ್ಲಿಸದಿದ್ದರೂ ಸದಾ ಜಿನುಗುತ್ತಿದ್ದರೆ ಪೈಪಿನ ಮೇಲೆ ಅನುಮಾನ. ಆಗ ಮನೆಯ ಎಲ್ಲ ನಲ್ಲಿ ಬಂದ್ ಮಾಡಿ ಮೀಟರ್ ನೋಡಿ. ಮುಳ್ಳು ತಿರುಗುತ್ತಲೇ ಇದ್ದರೆ ಒಳಗೆಲ್ಲೋ ಒಡೆದಿದೆ. ಮಳೆ ಬಂದಾಗ ಮಾತ್ರ ಒದ್ದೆಯಾದರೆ ಹೊರಗೋಡೆ ಇಲ್ಲವೇ ಟೆರೇಸ್.

ಬಿರುಕಿಗಾದರೆ ಅದರ ತುದಿಯಲ್ಲಿ ಪೆನ್ಸಿಲ್ ಗುರುತು ಹಾಕಿ ದಿನಾಂಕ ಬರೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ತಿಂಗಳ ನಂತರ ಮತ್ತೆ ತೆಗೆಯಿರಿ. ಎಂಜಿನಿಯರುಗಳು ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುವುದೂ ಇದೆ. ಗೋಡೆ ಅಲುಗುತ್ತಿದ್ದರೆ ಗಾಜು ಸೀಳುತ್ತದೆ.

ಫೋಟೋದ ಮೂಲ ಪ್ರತಿ ಫೋನಿನಲ್ಲೇ ಇರಲಿ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋವಾಗಿ ಕಳಿಸಿದಾಗ, ಚಿತ್ರ ತೆಗೆದ ದಿನಾಂಕ, ಸ್ಥಳದಂಥ ಒಳಗಿನ ಮಾಹಿತಿ ಅಳಿಸಿಹೋಗುತ್ತದೆ. ಇನ್ನೊಂದು ತಪ್ಪು ಬಹಳ ಮಂದಿ ಮಾಡುತ್ತಾರೆ: ಕೋಪದಲ್ಲಿ ತಾವೇ ರಿಪೇರಿ ಮಾಡಿಸಿ ಆಮೇಲೆ ಬಿಲ್ ಕಳಿಸುವುದು. ಮುಚ್ಚಿದ ಗೋಡೆಯಲ್ಲಿ ಸಾಕ್ಷಿ ಉಳಿಯುವುದಿಲ್ಲ. ತುರ್ತಾಗಿ ಮಾಡಿಸಲೇಬೇಕಾದರೆ ಮೊದಲು ಬಿಲ್ಡರ್‌ಗೆ ಬರೆದು ತಿಳಿಸಿ, ಸ್ವತಂತ್ರ ಎಂಜಿನಿಯರ್‌ರಿಂದ ವರದಿ ಬರೆಸಿಕೊಂಡು, ಆಮೇಲೆ ಕೈ ಹಾಕಿ.

ಪತ್ರ ಹೀಗಿದ್ದರೆ ಸಾಕು

‘ದಿನಾಂಕ ಇಂತಿಷ್ಟರಂದು ತಾವು ನನಗೆ ಇಂಥ ಸಂಖ್ಯೆಯ ಫ್ಲ್ಯಾಟ್ ಹಸ್ತಾಂತರಿಸಿದ್ದೀರಿ. ಮಲಗುವ ಕೋಣೆಯ ಪಶ್ಚಿಮದ ಗೋಡೆಯಲ್ಲಿ ಮಳೆ ನೀರು ಸೋರುತ್ತಿರುವುದನ್ನು ಇಂಥ ದಿನ ಗಮನಿಸಿದ್ದೇನೆ. ಫೋಟೋ ಮತ್ತು ಎಂಜಿನಿಯರ್ ವರದಿ ಲಗತ್ತಿಸಿದೆ. ರೇರಾ ಕಾಯ್ದೆಯ ಸೆಕ್ಷನ್ 14(3)ರಂತೆ 30 ದಿನದೊಳಗೆ ಉಚಿತವಾಗಿ ಸರಿಪಡಿಸಲು ಕೋರುತ್ತೇನೆ. ಇದು ತಮ್ಮ ಹೊಣೆಯಲ್ಲ ಎನ್ನುವುದಾದರೆ ಕಾರಣವನ್ನು ಬರಹದಲ್ಲಿ ತಿಳಿಸಿ.’

ಕೊನೆಯ ವಾಕ್ಯ ಬಿಡಬೇಡಿ. ಬರಹದಲ್ಲಿ ಕೊಟ್ಟ ಕಾರಣವನ್ನು ನಾಳೆ ಬದಲಿಸುವುದು ಅವರಿಗೆ ಸುಲಭವಲ್ಲ. ಪತ್ರವನ್ನು ಇಮೇಲ್‌ನಲ್ಲೂ ಕಳಿಸಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಪೊಸೆಷನ್ ಪತ್ರವನ್ನು ಈಗಲೇ ಹುಡುಕಿ ತೆಗೆದಿಡಿ, ಐದು ವರ್ಷದ ಲೆಕ್ಕ ನಿಂತಿರುವುದು ಅದರ ಮೇಲೆ.

30 ದಿನ ಕಳೆದರೂ ಆಗದಿದ್ದರೆ?

ಕರ್ನಾಟಕ ರೇರಾ ಜಾಲತಾಣದಲ್ಲಿ 31ನೇ ಸೆಕ್ಷನ್ ಅಡಿ ಆನ್‌ಲೈನ್ ದೂರು ಕೊಡಬಹುದು. ‘ಪಿಆರ್‌ಎಂ/ಕೆಎ/ರೇರಾ’ ಎಂದು ಶುರುವಾಗುವ ಯೋಜನೆಯ ನೋಂದಣಿ ಸಂಖ್ಯೆ ಬೇಕು. ಸಾಮಾನ್ಯ ಜಾಗದ ದೋಷ, ಅಂದರೆ ಟೆರೇಸ್, ಬೇಸ್‌ಮೆಂಟ್, ಎಸ್‌ಟಿಪಿ ಆದರೆ ಅಸೋಸಿಯೇಷನ್ನೇ ದೂರುದಾರ ಆಗಬಹುದು. ಸರಿಪಡಿಸಿಕೊಡಿ ಎನ್ನುವ ಬೇಡಿಕೆ ಪ್ರಾಧಿಕಾರದ ಮುಂದೆ, ನಷ್ಟ ಪರಿಹಾರದ ಮೊತ್ತ ನಿರ್ಧರಿಸುವುದು 71ನೇ ಸೆಕ್ಷನ್‌ನ ನ್ಯಾಯನಿರ್ಣಯ ಅಧಿಕಾರಿ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2021ರ ನ್ಯೂಟೆಕ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಆದೇಶ ನಿಮಗೆ ವಿರುದ್ಧವಾದರೆ 60 ದಿನದೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಗೆದ್ದ ಮರುದಿನವೇ ಹಣ ಬಂದೀತು ಎಂದುಕೊಳ್ಳಬೇಡಿ. ಬಿಲ್ಡರ್ ಕೊಡದಿದ್ದರೆ ಭೂಕಂದಾಯ ಬಾಕಿಯಂತೆ ಕಂದಾಯ ಅಧಿಕಾರಿಗಳ ಮೂಲಕ ವಸೂಲಾಗಬೇಕು, ಅದಕ್ಕೆ ಓಡಾಟ ಇದ್ದೇ ಇದೆ.

ಇನ್ನೊಂದು ಬಾಗಿಲು ಗ್ರಾಹಕ ಆಯೋಗ. ರೇರಾ ಇದೆ ಎಂಬ ಕಾರಣಕ್ಕೆ ಅದು ಮುಚ್ಚುವುದಿಲ್ಲ ಎಂದು 2020ರ ಇಂಪೀರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಲ್ಲಿ ಎರಡು ವರ್ಷದ ಗಡುವಿದೆ. ನೀವು ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲಾದರೆ ರಾಷ್ಟ್ರೀಯ ಆಯೋಗ. ಪ್ರಾಥಮಿಕ ಸಲಹೆಗೆ 1915 ಸಹಾಯವಾಣಿ ಇದೆ.

ಸ್ವಂತ ಸೈಟಿನಲ್ಲಿ ಮೇಸ್ತ್ರಿ ಅಥವಾ ಕಂಟ್ರಾಕ್ಟರ್ ಹಿಡಿದು ಕಟ್ಟಿಸಿದ ಮನೆಗೆ ರೇರಾ ಅನ್ವಯಿಸುವುದಿಲ್ಲ. 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಫ್ಲ್ಯಾಟ್ ಮೀರದ ಯೋಜನೆಗಳಿಗೂ ನೋಂದಣಿ ಕಡ್ಡಾಯವಿಲ್ಲ. ಇಂಥವರಿಗೆ ಗ್ರಾಹಕ ಆಯೋಗವೇ ದಾರಿ, ಏಕೆಂದರೆ ಮನೆ ಕಟ್ಟಿಕೊಡುವುದೂ ಆ ಕಾಯ್ದೆಯ ಪ್ರಕಾರ ‘ಸೇವೆ’. ಆದರೆ ಅಲ್ಲಿ ಕೆಲಸದ ಕರಾರು, ಹಣ ಕೊಟ್ಟ ದಾಖಲೆ ಬೇಕು. ಪೂರ್ತಿ ನಗದು ಕೊಟ್ಟು ರಸೀದಿಯನ್ನೇ ಪಡೆಯದಿದ್ದರೆ ಕೇಸು ನಿಲ್ಲಿಸುವುದು ಬಲು ಕಷ್ಟ.

ಬಿಲ್ಡರ್ ಕೊನೆಗೆ ರಿಪೇರಿಗೆ ಒಪ್ಪಿ ಜನ ಕಳಿಸಿದರೆ, ಕೆಲಸ ಮುಗಿದ ದಿನವೇ ‘ಇನ್ನು ಯಾವ ದೂರೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಕೇಳಬಹುದು. ಒಂದು ಜೋರು ಮಳೆ ಹೊಯ್ದು ಗೋಡೆ ಒಣಗಿರುವುದನ್ನು ನೋಡುವವರೆಗೆ ಸಹಿ ಹಾಕಬೇಡಿ. ‘ಕೆಲಸ ಮಾಡಿದ್ದಾರೆ, ಫಲಿತಾಂಶ ನೋಡಬೇಕಿದೆ’ ಎಂದಷ್ಟೇ ಬರೆದು ದಿನಾಂಕ ಹಾಕಿಕೊಡಿ.